ರಾಮಾಂಜಿನಪ್ಪ ತೊಳೆದ ಆಂಪ್ಲಿಫೈಯರ್

ಬಸಲಿಂಗನ ತಲೆ ಕೆಡಿಸಿದ್ದು ಒಂದು ಬಕೆಟ್ ಸೋಪಿನ ನೀರು. ಅದನ್ನು ಕಲಸಿದವರು ಅವನ ಶೆಡ್ಡಿನ ಮಾಲೀಕ ರಾಮಾಂಜಿನಪ್ಪನವರು, ಅದೂ ಬಹಳ ಭಕ್ತಿಯಿಂದ. ಹಾಗಾಗಿ ಆಮೇಲೆ ಯಾರನ್ನೂ ಬೈಯುವ ಹಾಗಿರಲಿಲ್ಲ.

ಅವತ್ತು ಆಯುಧಪೂಜೆ. ಆ ದಿನ ಪೀಣ್ಯದಲ್ಲಿ ಕೊಳಕಾಗಿರುವ ಹಕ್ಕು ಯಾವ ಯಂತ್ರಕ್ಕೂ ಇಲ್ಲ. ವರ್ಷವಿಡೀ ಎಣ್ಣೆ ಸೋರಿಸಿಕೊಂಡು ಕೂತಿರುವ ಲೇತು, ಡ್ರಿಲ್ಲು, ಕಂಪ್ರೆಸರುಗಳೆಲ್ಲ ಅವತ್ತು ಮಿಂದು, ವಿಭೂತಿ ಬಳಿಸಿಕೊಂಡು, ಸೇವಂತಿಗೆ ಹಾರ ಹಾಕಿಸಿಕೊಂಡು ಸಾಲಾಗಿ ನಿಲ್ಲುತ್ತವೆ. ಅಲ್ಲಿನ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿರುವ ರಾಮಾಂಜಿನಪ್ಪನವರ ಟ್ರಾನ್ಸ್‌ಫಾರ್ಮರ್ ಸುತ್ತುವ ಶೆಡ್ಡಿನಲ್ಲಿ ಈ ಸಡಗರ ಇನ್ನೂ ಒಂದು ಕೈ ಮುಂದು. ಅಲ್ಲಿ ಧಣಿಗಳೇ ಲುಂಗಿ ಎತ್ತಿ ಕಟ್ಟಿಕೊಂಡು ತೊಳೆಯಲು ಕೂರುತ್ತಾರೆ. ಕೂತರೆಂದರೆ ಕಣ್ಣಿಗೆ ಬಿದ್ದದ್ದನ್ನೆಲ್ಲ ತೊಳೆದೇ ಏಳುವವರು. ಹೋದ ವರ್ಷ ಗೋಡೆ ಗಡಿಯಾರವನ್ನು ತೊಳೆದಿದ್ದರು. ಅದು ಇವತ್ತಿಗೂ ಹತ್ತೂಕಾಲು ತೋರಿಸುತ್ತಿದೆ.

ಬೆಳಿಗ್ಗೆ ಹತ್ತು ಗಂಟೆಗೆ ಬಸಲಿಂಗ ಹೊಸ ಅಂಗಿ ತೊಟ್ಟು, ರಾಜಗೋಪಾಲನಗರದ ತನ್ನ ಬಾಡಿಗೆ ಕೋಣೆಯಿಂದ ನಡೆದೇ ಬಂದ. ಶೆಡ್ಡಿನೊಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ. ಮೇಜಿನ ಮೇಲೆ ಎರಡು ಆಂಪ್ಲಿಫೈಯರ್‌ಗಳು ಪಕ್ಕಪಕ್ಕದಲ್ಲಿ ಕೂತಿದ್ದವು. ಎರಡೂ ಥಳಥಳ ಹೊಳೆಯುತ್ತಿದ್ದವು. ಎರಡಕ್ಕೂ ಮೂರು ಪಟ್ಟಿ ವಿಭೂತಿ, ನಡುವೆ ಕುಂಕುಮ. ತೊಟ್ಟಿಲು ತೂಗುವ ದಿನ ಅವಳಿ ಮಕ್ಕಳನ್ನು ಮಲಗಿಸಿದ ಹಾಗಿತ್ತು.

ಅವುಗಳಲ್ಲಿ ಒಂದು ಬ್ರೂಕ್‌ಫೀಲ್ಡಿನಲ್ಲಿರುವ, ಗಿಟಾರ್ ನುಡಿಸುವ ಸೌಮ್ಯಾ ಮೇಡಂ ಅವರದು. ಅರವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಒಂದು ಸಣ್ಣ ಕಂಪನಿ ಗಿಟಾರ್ ನುಡಿಸುವವರಿಗೆಂದು ಮಾಡಿದ ಪೆಟ್ಟಿಗೆ. ಹಳೇ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ವಾಲ್ವ್‌ಗಳು ಒಳಗಿವೆ. ಜೋರಾಗಿ ನುಡಿಸಿದರೆ ಅವು ಕಾದು, ದನಿ ಸ್ವಲ್ಪ ಒಡೆದು ಬರುತ್ತದೆ. ಬೇರೆ ಯಾವ ಪೆಟ್ಟಿಗೆಯಲ್ಲಿ ಹಾಗಾದರೂ ರಿಪೇರಿಗೆ ಒಯ್ಯುತ್ತಾರೆ. ಇದರಲ್ಲಿ ಹಾಗಾದರೆ ಗಿಟಾರಿನವರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಇಂಥ ಪೆಟ್ಟಿಗೆ ಲೋಕದಲ್ಲಿ ಇನ್ನೂರೂ ಉಳಿದಿಲ್ಲವಂತೆ. ಇನ್ನೊಂದು ಬಸಲಿಂಗ ಮಾಡಿದ್ದು, ಮೇಡಂ ಅವರದನ್ನು ಎದುರಿಗಿಟ್ಟುಕೊಂಡು ಮೂರು ತಿಂಗಳು ರಜೆಯ ದಿನಗಳಲ್ಲೆಲ್ಲ ಕೂತು ಮಾಡಿದ ತದ್ರೂಪು.

ಬಾಗಲಕೋಟೆ ಕಡೆಯ ಬಸಲಿಂಗ ಪೀಣ್ಯಕ್ಕೆ ಬಂದು ಇಪ್ಪತ್ತು ವರ್ಷವಾಗಿತ್ತು. ಅಷ್ಟೂ ವರ್ಷ ತಾಮ್ರದ ತಂತಿ ಸುತ್ತಿದ್ದ. ಅವನು ಸುತ್ತಿದ ಟ್ರಾನ್ಸ್‌ಫಾರ್ಮರ್‌ಗಳು ಯಾರ್ಯಾರದೋ ಕಂಪನಿಯ ಸ್ಟೆಬಿಲೈಸರ್‌ಗಳ ಹೊಟ್ಟೆ ಸೇರಿ, ಮೇಲೆ ಅವರ ಹೆಸರು ಅಂಟಿಸಿಕೊಂಡು ಊರೂರಿಗೆ ಹೋಗುತ್ತಿದ್ದವು. ತಾನು ಮಾಡಿದ ಒಂದೇ ಒಂದು ವಸ್ತುವಿನ ಮೇಲಾದರೂ ತನ್ನ ಹೆಸರಿರಬೇಕು ಎಂಬ ಆಸೆ ಅವನಿಗೆ ಬಹಳ ದಿನದಿಂದ ಇತ್ತು. ಹೆಂಡತಿಯ ಹತ್ತಿರವೂ ಅದನ್ನು ಹೇಳಿಕೊಂಡಿರಲಿಲ್ಲ, ನಗುತ್ತಾಳೆಂದು. ಸೌಮ್ಯಾ ಮೇಡಂ ಮಾತ್ರ ಹೇಗೋ ಅದನ್ನು ಅವನ ಬಾಯಿಂದ ಹೊರಡಿಸಿ, ಒಂದು ಪಂಥ ಕಟ್ಟಿದ್ದರು. ಎರಡು ಪೆಟ್ಟಿಗೆಯನ್ನೂ ತಾವೇ ನುಡಿಸಿ ನೋಡುತ್ತಾರೆ. ತಮ್ಮದು ಯಾವುದೆಂದು ಅವರಿಗೆ ಗುರುತು ಸಿಗದಿದ್ದರೆ ಬಸಲಿಂಗ ಗೆದ್ದ ಹಾಗೆ. ಆಮೇಲೆ ತಮ್ಮ ಗಿಟಾರ್ ಬಳಗಕ್ಕೆಲ್ಲ ಅವನ ಕೈಯಲ್ಲೇ ಮಾಡಿಸುತ್ತಾರೆ, ಪೆಟ್ಟಿಗೆಯ ಮುಂಭಾಗದಲ್ಲಿ ದೊಡ್ಡದಾಗಿ ಬಸಲಿಂಗ ಎಂದು ಬರೆಸಿ.

ಆ ಪರೀಕ್ಷೆ ಇವತ್ತು ಸಂಜೆ ನಾಲ್ಕಕ್ಕೆ.

ನೋಡುವುದಕ್ಕೂ ಎರಡೂ ಒಂದೇ ಥರ ಇರಬೇಕೆಂದು ಬಸಲಿಂಗ ಪಟ್ಟ ಪಾಡು ಅಷ್ಟಿಷ್ಟಲ್ಲ. ಟೀ ಡಿಕಾಕ್ಷನ್ ಬಳಿದು ರೆಕ್ಸಿನ್ನಿಗೆ ಮುಪ್ಪು ತಂದಿದ್ದ. ಒರಿಜಿನಲ್ಲಿನ ಮೂಲೆಯಲ್ಲಿ ಏಟು ಬಿದ್ದ ಗುರುತಿದ್ದರೆ ತನ್ನದಕ್ಕೂ ಅದೇ ಮೂಲೆಗೆ ಅಷ್ಟೇ ಏಟು ಹಾಕಿದ್ದ. ಅಲ್ಲಿನ ಬೆಸುಗೆ ಎಲ್ಲಿ ಸೊಟ್ಟಗಿತ್ತೋ ಇಲ್ಲೂ ಅಲ್ಲಲ್ಲೇ ಸೊಟ್ಟಗೆ ಹಾಕಿದ್ದ. ಕೊನೆಗೆ ತನಗೇ ಗುರುತು ತಪ್ಪೀತೆಂದು ಹೆದರಿ, ಶೆಡ್ಡಿನಲ್ಲಿ ಮುಗಿದ ಮಾಲಿಗೆಲ್ಲ ಹಾಕುವಂತೆ ತನ್ನದರ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಎಳೆದಿಟ್ಟಿದ್ದ. ಈಗ ಅವನು ಓಡಿಹೋಗಿ ಎರಡರ ಹಿಂಬದಿಯನ್ನೂ ನೋಡಿದ. ಗೀಟು ಎಲ್ಲೂ ಇರಲಿಲ್ಲ. ಸೋಪಿನ ಘಮ ಮಾತ್ರ ಇತ್ತು.

"ಧಣ್ಯಾರ, ಇವನ್ನ ಯಾಕ ತೊಳದ್ರಿ?" ಎಂದ.

"ಏನ್ಲಾ ಇಂಗ್ ಕೇಳ್ತೀಯ? ಅಬ್ಬದ್ ದಿನ ಅಂಗೇ ಕೊಳೆ ಮೆತ್ಕಂಡ್ ಕೂತಿದ್ವು. ನೀನೇನೋ ಮೂರ್ ತಿಂಗ್ಳಿಂದ ಒರೆಸಾಕೂ ಪುರುಸೊತ್ತಿಲ್ದೆ ಬಿಟ್ಟಿದ್ದೆ. ಒಸಿ ತಿಕ್ಕಿ ಕೊಬ್ರಿ ಎಣ್ಣೆ ಸವರ್‍ದೆ," ಎಂದರು ರಾಮಾಂಜಿನಪ್ಪ. ಅವರ ಮುಖದಲ್ಲಿ ಪುಣ್ಯ ಕಟ್ಟಿಕೊಂಡವರ ಸಮಾಧಾನವಿತ್ತು.

ಜೊತೆಗೆ ಕೈ ಹಾಕಿದ್ದವನು ನೀಲಪ್ಪ. ಬಸಲಿಂಗನ ಊರಿನ ಕಡೆಯವನೇ, ಪಕ್ಕದ ಯಂತ್ರದಲ್ಲಿ ತಂತಿ ಸುತ್ತುವವನು. ಅವನು ಮಾಡಿದ್ದು ಇನ್ನೂ ಒಂದು ಹೆಜ್ಜೆ ಮುಂದಿನ ಸೇವೆ. ಎರಡೂ ಪೆಟ್ಟಿಗೆಗಳ ಗಾಜಿನ ವಾಲ್ವ್‌ಗಳನ್ನೆಲ್ಲ ಕಿತ್ತು, ಒಂದೇ ಹರಿವಾಣದಲ್ಲಿ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ನಂಬರು ನೋಡಿ ಮತ್ತೆ ಸಿಕ್ಕಿಸಿದ್ದ. ಯಾವುದು ಯಾವ ಪೆಟ್ಟಿಗೆಯದೆಂದು ಬಸಲಿಂಗ ಕೇಳಿದರೆ, ನಂಬರು ಸರಿಯಾಗಿದೆಯಲ್ಲ, ಇನ್ನೇನು ಬೇಕು ಎಂದು ಅವನೇ ತಿರುಗಿ ಕೇಳಿದ.

ಪೆಟ್ಟಿಗೆಗಳ ಜಾಗವಾದರೂ ನೆನಪಿದೆಯೇ ಎಂದು ವಿಚಾರಣೆ ಶುರುವಾಯಿತು. ಎಡಕ್ಕಿದ್ದದ್ದನ್ನು ಎಡಕ್ಕೇ ಇಟ್ಟಿದ್ದೇನೆ ಎಂದು ನೀಲಪ್ಪ ಆಣೆ ಮಾಡಿದ. ಇಲ್ಲ, ಮೊದಲು ಎಡಗಡೆಯದನ್ನು ಅಂಗಳಕ್ಕೆ ಒಯ್ದದ್ದು ತಾವು, ಒಳಗೆ ತಂದಾಗ ಅಲ್ಲಿ ಇನ್ನೊಂದು ಕೂತಿತ್ತು ಎಂದರು ರಾಮಾಂಜಿನಪ್ಪ. ಹಾಗಾದರೆ ತಾನು ನಿಂತದ್ದು ಮೇಜಿನ ಆಚೆಗೋ ಈಚೆಗೋ ಎಂಬ ಅನುಮಾನ ನೀಲಪ್ಪನಿಗೇ ಬಂತು. ಆಚೆಗೆ ನಿಂತಿದ್ದರೆ ಎಡ ಬಲವಾಗುತ್ತದೆ. ಅವನು ಮೇಜಿನ ಸುತ್ತ ಮೂರು ಸಲ ತಿರುಗಿ, ಎರಡೂ ಕಡೆ ನಿಂತು ನೋಡಿ, ಕೊನೆಗೆ ತನಗೆ ತಲೆ ಸುತ್ತುತ್ತಿದೆ ಎಂದು ಕೂತುಬಿಟ್ಟ.

ಬಸಲಿಂಗನಿಗೂ ಸುತ್ತುತ್ತಿತ್ತು. ಮೇಡಂ ಬಂದು, ಯಾವುದು ನನ್ನದು ಎಂದು ಕೇಳಿದಾಗ ತನಗೇ ಗೊತ್ತಿಲ್ಲ ಎಂದರೆ ಹೆಸರು ಬರೆಸುವುದಿರಲಿ, ಮುಖ ತೋರಿಸುವುದೂ ಕಷ್ಟ. ಗೊತ್ತಿದ್ದವನ ಹಾಗೆ ನಟಿಸಿ ತಪ್ಪಾಗಿ ಹೇಳಿದರೆ ಅದು ಕಳ್ಳತನವೇ ಸರಿ. ನಾಲ್ಕರೊಳಗೆ ಹೇಗಾದರೂ ಪತ್ತೆ ಹಚ್ಚಲೇಬೇಕಿತ್ತು.

ಎದುರಿನ ಗುಜರಿ ಅಂಗಡಿಯ ದಾಸಪ್ಪ ಇಷ್ಟು ಹೊತ್ತಿಗೆ ವಿಷಯ ತಿಳಿದು ಒಳಗೆ ಬಂದಿದ್ದ. ಅವನ ಬಳಿ ಎಲ್ಲ ತೊಂದರೆಗೂ ಒಂದೇ ಮದ್ದು, ತಕ್ಕಡಿ. ಅದು ಬಸಲಿಂಗನಿಗೂ ಸರಿಯೆನಿಸಿತು, ಯಾಕೆಂದರೆ ಕೆಲಸ ಶುರು ಮಾಡುವ ಮೊದಲು ಮೇಡಂ ಅವರ ಪೆಟ್ಟಿಗೆಯ ತೂಕವನ್ನು ಅವನು ಬರೆದಿಟ್ಟುಕೊಂಡಿದ್ದ, ಹತ್ತೊಂಬತ್ತು ಕಿಲೋ ನಾನ್ನೂರು ಗ್ರಾಂ. ನೀಲಪ್ಪ ಒಂದನ್ನು, ಬಸಲಿಂಗ ಒಂದನ್ನು ಹೊತ್ತುಕೊಂಡು ರಸ್ತೆ ದಾಟಿದರು. ಆಚೀಚೆ ಶೆಡ್ಡಿನವರು ಹಬ್ಬದ ಪುರಿ ಮೆಲ್ಲುತ್ತ ಹಿಂದೆ ಬಂದರು. ಮೊದಲನೆಯದು ಹತ್ತೊಂಬತ್ತು ಕಿಲೋ ಎಂಟುನೂರು ತೂಗಿತು. ಎರಡನೆಯದು ಹತ್ತೊಂಬತ್ತು ಕಿಲೋ ಒಂಬೈನೂರು. ಎರಡೂ ಅಷ್ಟಷ್ಟು ಸೋಪಿನ ನೀರು ಕುಡಿದು ಕೂತಿದ್ದವು. ಹಾಗಾದರೆ ಎರಡೂ ಒರಿಜಿನಲ್ ಅಲ್ಲ ಎಂದು ದಾಸಪ್ಪ ತೀರ್ಪು ಕೊಟ್ಟ. ಒಡೆದು ನೋಡಿದರೆ ಮಾತ್ರ ಯಾವ ಮಾಲಾದರೂ ಗೊತ್ತಾಗುವುದು ಎಂದು ಒಂದು ಮಾತೂ ಸೇರಿಸಿದ. ಒಡೆಯುವ ಮಾತು ಕೇಳಿದ್ದೇ ಬಸಲಿಂಗ ಎರಡನ್ನೂ ಎತ್ತಿಸಿಕೊಂಡು ವಾಪಸ್ಸು ಬಂದ. ಆದರೆ ಬರುವಾಗ ಯಾರು ಯಾವುದನ್ನು ಹೊತ್ತಿದ್ದರೆಂದು ಅವನಿಗೆ ಮರೆತುಹೋಗಿತ್ತು.

ದನಿ ಕೇಳಿ ಗುರುತು ಹಿಡಿಯುವುದೇ ಸರಿಯಾದ ದಾರಿ ಎಂದು ಆಮೇಲೆ ಹೊಳೆಯಿತು. ಬಸಲಿಂಗನಿಗೆ ಗಿಟಾರ್ ಬರುತ್ತಿರಲಿಲ್ಲ. ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವ ಕೃಷ್ಣ ಲಗ್ಗೆರೆಯಲ್ಲಿದ್ದ. ಹಿಂದೊಮ್ಮೆ ಬಸಲಿಂಗ ಅವನ ಸ್ಪೀಕರ್ ಸರಿ ಮಾಡಿಕೊಟ್ಟಿದ್ದ. ಫೋನ್ ಮಾಡಿದ ಅರ್ಧ ಗಂಟೆಗೆ ಅವನು ಬೈಕಿನಲ್ಲಿ ಬಂದಿಳಿದ. ಗಿಟಾರಿಗೂ ಪೂಜೆಯಾಗಿತ್ತು, ಕುತ್ತಿಗೆಗೆ ಹೂವಿನ ತುಂಡು ಸುತ್ತಿತ್ತು.

ಕೃಷ್ಣ ಎಡಗಡೆಯ ಪೆಟ್ಟಿಗೆಗೆ ವೈರು ಚುಚ್ಚಿ ಮೀಟಿದ. ಶೆಡ್ಡಿನ ತಗಡು ಗುಂಯ್ಯೆಂದಿತು. "ಇದೇ ಒರಿಜಿನಲ್ಲು ಗುರು. ಡೌಟೇ ಇಲ್ಲ," ಎಂದ. ಬಸಲಿಂಗನ ಎದೆ ಹಗುರಾಯಿತು. ಯಾವುದಕ್ಕೂ ಇರಲಿ ಎಂದು ಬಲಗಡೆಯದನ್ನೂ ನುಡಿಸಲು ಹೇಳಿದ. ಕೃಷ್ಣ ನುಡಿಸಿದ, ತಲೆ ಕೆರೆದುಕೊಂಡ, ಸಾರಿ ಗುರು, ಇದೇ ಒರಿಜಿನಲ್ಲು, ಡೌಟೇ ಇಲ್ಲ ಎಂದ. ಅವನ ಕಣ್ಣಿಗೆ ಟವೆಲ್ಲು ಕಟ್ಟಿ ಮತ್ತೆ ನುಡಿಸಲು ಹೇಳಿದರು. ಮೊದಲನೆಯದು ಸಕ್ಕತ್ತಾಗಿದೆ, ಎರಡನೆಯದು ಡಬ್ಬಾ ಎಂದ. ನೀಲಪ್ಪ ಆ ಹೊತ್ತಿನಲ್ಲಿ ಪುರಿ ತಿನ್ನುತ್ತ ನಿಂತುಬಿಟ್ಟು ವೈರನ್ನು ಬದಲಾಯಿಸಿಯೇ ಇರಲಿಲ್ಲ. ಸುತ್ತ ನಿಂತವರಲ್ಲಿ ಕೆಲವರು ಎಡಕ್ಕೆ, ಕೆಲವರು ಬಲಕ್ಕೆ ಕೈ ಎತ್ತಿದರು. ರಾಮಾಂಜಿನಪ್ಪನವರು ಎರಡಕ್ಕೂ ಎತ್ತಿದರು.

ಮಧ್ಯಾಹ್ನದ ಊಟ ತಂದ ಅವರ ಹೆಂಡತಿ ಅಂಜನಮ್ಮನಿಗೆ ಇದನ್ನೆಲ್ಲ ಕೇಳಿ ಬೇಸರವಾಯಿತು. ದೇವರ ಮುಂದೆ ನಿಂತುಕೊಂಡು ಮನುಷ್ಯರನ್ನು ಕೇಳುತ್ತಿದ್ದೀರಲ್ಲ ಎಂದು ಗದರಿದರು. ಎರಡು ಪೆಟ್ಟಿಗೆಗಳ ನೆತ್ತಿಯ ಮೇಲೂ ಒಂದೊಂದು ಸೇವಂತಿಗೆ ಇಟ್ಟು, ಮೇಡಂ ಅವರ ಪೆಟ್ಟಿಗೆಯ ಹೂವನ್ನು ಮೊದಲು ಬೀಳಿಸು ತಾಯಿ ಎಂದು ಚಾಮುಂಡಿಯ ಪಟಕ್ಕೆ ಕೈ ಮುಗಿದರು. ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಬಸಲಿಂಗನಂತೂ ಕಣ್ಣು ಮಿಟುಕಿಸಲಿಲ್ಲ. ಇನ್ನೇನು ಒಂದು ಹೂವು ಅಲುಗಿತು ಎನ್ನುವಾಗ, ಇದ್ಯಾವುದರ ಗೊಡವೆಯಿಲ್ಲದೆ ಶ್ರುತಿ ಮಾಡುತ್ತ ಕೂತಿದ್ದ ಕೃಷ್ಣ ದಪ್ಪ ತಂತಿಯನ್ನು ಮೀಟಿದ. ಮೇಜು ನಡುಗಿತು. ಎರಡು ಹೂವೂ ಒಟ್ಟಿಗೆ ಕೆಳಗೆ ಬಿದ್ದವು. ಎರಡೂ ಆ ತಾಯಿಗೇ ಸೇರಿದ್ದು ಬಿಡಿ ಎಂದು ಅಂಜನಮ್ಮ ಊಟ ಬಡಿಸಲು ಹೋದರು.

ಬಸಲಿಂಗನಿಗೆ ಅನ್ನ ಇಳಿಯಲಿಲ್ಲ. ಗಂಟೆ ಎರಡಾಗಿತ್ತು. ದಾಸಪ್ಪನ ಮಾತು ಬೇಡವೆಂದರೂ ತಲೆಯಲ್ಲಿ ತಿರುಗುತ್ತಿತ್ತು. ಒಳಗೆ ನೋಡಿದರೆ ಗೊತ್ತಾಗುತ್ತದೆ, ಅದು ನಿಜ. ಪ್ರತಿ ಪೆಟ್ಟಿಗೆಯ ಹಿಂದೆ ತಗಡಿನ ಡಬ್ಬಿಯೊಳಗೆ ಒಂದು ಟ್ರಾನ್ಸ್‌ಫಾರ್ಮರ್ ಇತ್ತು, ಮುಚ್ಚಳದ ಸುತ್ತ ಕಪ್ಪು ಅರಗಿನ ಮುದ್ರೆ. ಅರವತ್ತು ವರ್ಷದಿಂದ ಅದನ್ನು ಯಾರೂ ಬಿಚ್ಚಿಲ್ಲ, ನೀವೂ ಬಿಚ್ಚಬಾರದು ಎಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಹೊರಗಿನಿಂದಲೇ ಮೀಟರ್ ಹಿಡಿದು ಲೆಕ್ಕ ಹಾಕಿ, ಒಳಗೆ ಎಷ್ಟು ಸುತ್ತು ತಂತಿ ಇರಬಹುದೆಂದು ಅಂದಾಜು ಮಾಡಿ ಬಸಲಿಂಗ ತನ್ನದನ್ನು ಸುತ್ತಿದ್ದ. ಅರಗು ಹಾಕಿ, ಮಸಿ ಹಿಡಿಸಿ, ಅದಕ್ಕೂ ಅರವತ್ತು ವರ್ಷ ತುಂಬಿಸಿದ್ದ. ಆದರೆ ಡಬ್ಬಿಯೊಳಗೆ ತಂತಿಯ ತುದಿಗೆ ದಾರ ಕಟ್ಟುವಾಗ ಮಾತ್ರ ಅವನ ಕೈ ತನಗೆ ಗೊತ್ತಿದ್ದ ಗಂಟನ್ನೇ ಹಾಕಿತ್ತು, ಊರಿನಲ್ಲಿ ಜೋಳದ ದಂಟಿನ ಸಿವುಡು ಕಟ್ಟುವ ಗಂಟು. ಅದು ಕಂಡರೆ ತನ್ನದು, ಕಾಣದಿದ್ದರೆ ಮೇಡಂ ಅವರದು.

ಒಂದನ್ನು ಬಿಚ್ಚಬೇಕು. ತನ್ನದೇ ಸಿಕ್ಕರೆ ಬಚಾವು. ಮೇಡಂ ಅವರದು ಸಿಕ್ಕಿಬಿಟ್ಟರೆ ಅರವತ್ತು ವರ್ಷದ ಮುದ್ರೆ ಒಡೆದ ಪಾಪ. ಅವನು ಎರಡನ್ನೂ ಬಹಳ ಹೊತ್ತು ನೋಡಿದ. ಎಡಗಡೆಯದರ ಮುಖ ಯಾಕೋ ತನ್ನ ಕೈಯ ಕೆಲಸದಂತೆ ಕಂಡಿತು. ಅದನ್ನೇ ಎಳೆದುಕೊಂಡ.

ಆಗ ಇನ್ನೊಂದು ತೊಡಕು ಎದ್ದಿತು. ಪೂಜೆಯಾದ ಮೇಲೆ ಅವತ್ತಿಡೀ ಆಯುಧ ಮುಟ್ಟುವ ಹಾಗಿಲ್ಲ ಎಂದು ರಾಮಾಂಜಿನಪ್ಪನವರು ಅಡ್ಡ ನಿಂತರು. ಬೆಸುಗೆ ಕಡ್ಡಿ, ಸ್ಕ್ರೂಡ್ರೈವರ್, ಇಕ್ಕಳ, ಎಲ್ಲ ಕುಂಕುಮ ಹಚ್ಚಿಸಿಕೊಂಡು ಬಾಳೆ ಎಲೆಯ ಮೇಲೆ ವಿಶ್ರಾಂತಿಯಲ್ಲಿದ್ದವು. ಗಿಟಾರ್ ನುಡಿಸಿದ್ದು ಹೇಗೆ ಎಂದರೆ, ಹಾಡುವುದು ಕೆಲಸವಲ್ಲ ಎಂದರು. ಬಸಲಿಂಗ ಕೈ ಮುಗಿದ, ಕಾಲು ಹಿಡಿಯಲು ಬಗ್ಗಿದ. ಧಣಿಗಳು ಜಗ್ಗಲಿಲ್ಲ. ಕೊನೆಗೆ ಅಂಜನಮ್ಮನೇ ಕನಿಕರಪಟ್ಟು ತಮ್ಮ ಬುಟ್ಟಿಯಿಂದ ತರಕಾರಿ ಹೆಚ್ಚುವ ಚಾಕು ಕೊಟ್ಟರು. ಅಡಿಗೆ ಮನೆಯದಾದ್ದರಿಂದ ಅದಕ್ಕೆ ಪೂಜೆಯಾಗಿರಲಿಲ್ಲ. ಕಾಫಿ ಕಾಯಿಸುವ ಒಲೆಯ ಮೇಲೆ ಅದನ್ನು ಕಾಯಿಸಿ ಕಾಯಿಸಿ, ಬಸಲಿಂಗ ಅರಗನ್ನು ಬಿಡಿಸಿದ. ಹೊಸ ಅಂಗಿಯ ತೋಳು ಸುಟ್ಟಿತು, ಬೆರಳೂ ಸುಟ್ಟಿತು. ಮುಚ್ಚಳ ಮೇಲೆದ್ದಿತು.

ಒಳಗೆ ಜೋಳದ ಗಂಟು ಇರಲಿಲ್ಲ.

ಕಂದುಬಣ್ಣಕ್ಕೆ ತಿರುಗಿದ ಹತ್ತಿಯ ಪಟ್ಟಿ ಇತ್ತು, ಅಚ್ಚುಕಟ್ಟಾಗಿ ಮಡಚಿ ಒಳಕ್ಕೆ ಸಿಕ್ಕಿಸಿದ್ದು. ಪಕ್ಕದ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಸಣ್ಣದಾಗಿ ಏನೋ ಇಂಗ್ಲಿಷಿನಲ್ಲಿ ಬರೆದಿತ್ತು. ಕೃಷ್ಣ ಬಗ್ಗಿ ಓದಿದ: ಡೋರಿಸ್, ಮಾರ್ಚ್ ಹದಿನಾಲ್ಕು, ಅರವತ್ತೆರಡು. ಅದನ್ನು ಸುತ್ತಿದ ಹೆಂಗಸಿರಬೇಕು. ಕಂಪನಿಯವರಿಗೆ ಕಾಣದ ಹಾಗೆ, ಅರಗಿನ ಕೆಳಗೆ, ತನ್ನ ಹೆಸರು ಬರೆದು ಮುಚ್ಚಿಬಿಟ್ಟಿದ್ದಳು. ಆ ಹೆಂಗಸು ಯಾರೋ ಎಲ್ಲಿಯವಳೋ, ಆದರೆ ಅವಳ ಮನಸ್ಸಿನಲ್ಲೇನಿತ್ತೆಂದು ಬಸಲಿಂಗನಿಗೆ ಚೆನ್ನಾಗಿ ತಿಳಿಯಿತು. ಮೊಬೈಲಿನಲ್ಲಿ ಅದರ ಒಂದು ಫೋಟೋ ತೆಗೆದುಕೊಂಡ.

ಏನೇ ಆಗಲಿ, ಗೊಂದಲವಂತೂ ತೀರಿತ್ತು. ಎಡಗಡೆಯದು ಮೇಡಂ ಅವರದು. ಅರಗನ್ನು ಮತ್ತೆ ಕರಗಿಸಿ ಮುಚ್ಚಳದ ಸುತ್ತ ತುಂಬಿದ. ಚಾಕುವಿನ ಕೆಲಸ, ಗಡಿಬಿಡಿಯ ಕೆಲಸ. ಹೊಸದಾಗಿ ಕರಗಿದ ಅರಗು ಮಿರಿಮಿರಿ ಮಿಂಚುತ್ತಿತ್ತು. ಅದಕ್ಕೆ ಮಸಿ ಹಿಡಿಸಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ಹಬ್ಬದ ದಿನ ರಸ್ತೆ ಖಾಲಿಯಿದ್ದದ್ದರಿಂದ ಸೌಮ್ಯಾ ಮೇಡಂ ಬ್ರೂಕ್‌ಫೀಲ್ಡಿನಿಂದ ಒಂದು ಗಂಟೆ ಮುಂಚೆಯೇ ಬಂದುಬಿಟ್ಟಿದ್ದರು.

ಸೌಮ್ಯಾ ಮೇಡಂ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವರ ಇಪ್ಪತ್ತೈದು ವರ್ಷದ ಕಸುಬು. ತಪ್ಪು ಇದೆ ಎಂದು ಒಮ್ಮೆ ಅವರು ಹೇಳಿದರೆ ಇಲ್ಲ ಎಂದವರು ಆ ಕಂಪನಿಯಲ್ಲಿ ಯಾರೂ ಇರಲಿಲ್ಲ. ಅವರು ಒಳಗೆ ಬಂದು ವಿಭೂತಿ ಬಳಿದ ಪೆಟ್ಟಿಗೆಗಳನ್ನು ಬಗ್ಗಿ ನೋಡಿದರು. ತೊಳೆದವರು ತಾವೇ ಎಂದು ರಾಮಾಂಜಿನಪ್ಪನವರು ಹೆಮ್ಮೆಯಿಂದ ಹೇಳಿಕೊಂಡರು. ಮೇಡಂ ಉಗುಳು ನುಂಗಿಕೊಂಡು, ಹಬ್ಬವಲ್ಲವೇ, ಪರವಾಗಿಲ್ಲ ಎಂದರು.

ಯಾವುದು ಯಾವುದೆಂದು ಹೇಳಲು ಬಸಲಿಂಗ ಬಾಯಿ ತೆರೆದ. ಮೇಡಂ ಕೈ ಎತ್ತಿ ತಡೆದರು. ಹೇಳಿಬಿಟ್ಟರೆ ಪರೀಕ್ಷೆ ಎಲ್ಲಿ ಉಳಿಯಿತು? ಅವರು ಪೆಟ್ಟಿಗೆಗಳಿಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತು ತಮ್ಮ ಗಿಟಾರ್ ಎತ್ತಿಕೊಂಡರು. ಈ ಸಲ ನೀಲಪ್ಪನ ಕೈಗೆ ಪುರಿ ಸಿಗದಂತೆ ನೋಡಿಕೊಳ್ಳಲಾಯಿತು. ಅವನು ಮೊದಲು ಎಡಗಡೆಯದಕ್ಕೆ ವೈರು ಸಿಕ್ಕಿಸಿದ. ಮೇಡಂ ನುಡಿಸಿದರು, ಚೆನ್ನಾಗಿದೆ ಎನ್ನುವಂತೆ ತಲೆಯಾಡಿಸಿದರು, ಆಮೇಲೆ ಹುಬ್ಬು ಗಂಟಿಕ್ಕಿದರು. ನೀಲಪ್ಪ ಬಲಗಡೆಯದಕ್ಕೆ ಸಿಕ್ಕಿಸಿದ. ಮೇಡಂ ನಿಧಾನವಾಗಿ ಒಂದು ತಂತಿ ಮೀಟಿದರು. ದನಿ ಬಿಸಿಯಾಗಿ, ತುಸು ಒಡೆದು, ಶೆಡ್ಡಿನ ತುಂಬ ಹರಡಿತು. ಅವರ ಕಣ್ಣಲ್ಲಿ ನೀರು ಬಂತು.

"ಇದೇ ನಂದು," ಎಂದರು ತಿರುಗಿ, ಬಲಗಡೆಯದರ ಮೇಲೆ ಕೈಯಿಟ್ಟು. "ಸಾವಿರದ ಮಧ್ಯೆ ಇಟ್ರೂ ನಂಗೆ ಗೊತ್ತಾಗತ್ತೆ, ಬಸಲಿಂಗ ಅವ್ರೇ."

ಬಸಲಿಂಗ ಗೆದ್ದಿದ್ದ. ಇಪ್ಪತ್ತು ವರ್ಷದಲ್ಲಿ ಹೀಗೆ ಸಂತೋಷವಾದದ್ದು ಅವನಿಗೆ ನೆನಪಿರಲಿಲ್ಲ. ಮೇಡಂ ಕಣ್ಣಲ್ಲಿ ನೀರು ತರಿಸಿದ್ದು ಅವನು ಸುತ್ತಿದ ತಂತಿ.

"ಮೇಡಮ್ಮಾರ, ಅದು ನಿಮ್ಮದಲ್ರಿ. ಅದು ನಾ ಮಾಡಿದ್ದರಿ," ಎಂದ, ಮೆತ್ತಗೆ.

ಮೇಡಂ ಮೊದಲು ನಕ್ಕರು. ಅವನು ನಗುತ್ತಿಲ್ಲವೆಂದು ಕಂಡು ನಗು ನಿಲ್ಲಿಸಿದರು. ಪೆಟ್ಟಿಗೆಗಳನ್ನು ತಿರುಗಿಸಿ ಹಿಂಬದಿ ನೋಡಿದರು. ಬಲಗಡೆಯದರಲ್ಲಿ ಮಸಿ ಹಿಡಿದ, ಬಿರುಕು ಬಿಟ್ಟ, ಅರವತ್ತು ವರ್ಷದ ಅರಗು. ಎಡಗಡೆಯದರಲ್ಲಿ ಈಗಷ್ಟೇ ಬಳಿದದ್ದು, ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಅವರು ಬಸಲಿಂಗನ ಮುಖ ನೋಡಿದರು. ಮುದ್ರೆ ಒಡೆದದ್ದು ತಾನೇ, ಪತ್ತೆ ಹಚ್ಚಲಿಕ್ಕೆ ಒಡೆದೆ ಎಂದು ಬಸಲಿಂಗ ಬೆಳಗಿನಿಂದ ಆದದ್ದನ್ನೆಲ್ಲ ತೊದಲುತ್ತ ಹೇಳಿದ. ರಾಮಾಂಜಿನಪ್ಪನವರು ಸಹಾಯಕ್ಕೆ ಬಂದರು.

"ಅವ್ನ್ ಏಳ್ತಿರೋದು ದಿಟ ಕಣಮ್ಮ. ಬೆಳಗಿಂದ ಅವ್ನಿಗೇ ಯಾವ್ದು ಯಾವ್ದು ಅಂತ ಗೊತ್ತಿರ್ಲಿಲ್ಲ, ಪಾಪ."

ಅದರಿಂದ ಬಸಲಿಂಗನಿಗೆ ಏನೂ ಉಪಕಾರವಾಗಲಿಲ್ಲ. ಬಲಗಡೆಯದನ್ನು ಬಿಚ್ಚಿ ತನ್ನ ಗಂಟು ತೋರಿಸುತ್ತೇನೆ ಎಂದು ಅವನು ಚಾಕು ಎತ್ತಿಕೊಂಡ. ಮೇಡಂ ಪೆಟ್ಟಿಗೆಗೆ ಅಡ್ಡ ನಿಂತು, ತಮ್ಮ ಒರಿಜಿನಲ್ಲಿನ ಮುದ್ರೆಗೆ ಕೈ ಹಾಕಕೂಡದು ಎಂದು ಖಡಾಖಂಡಿತ ಹೇಳಿದರು. ಕೊನೆಯ ಆಸೆಯಿಂದ ಅವನು ಮೊಬೈಲ್ ತೆಗೆದು ಫೋಟೋ ತೋರಿಸಿದ. ಡೋರಿಸ್, ಮಾರ್ಚ್ ಹದಿನಾಲ್ಕು, ಅರವತ್ತೆರಡು. ಮೇಡಂ ಅದನ್ನು ದೊಡ್ಡದು ಮಾಡಿ ನೋಡಿದರು. ಅವರ ಮುಖದ ಬಿಗಿ ಸಡಿಲವಾಯಿತು. ಅಯ್ಯೋ ಎಂಬಂಥ ಒಂದು ಪ್ರೀತಿ ಅಲ್ಲಿ ಕಂಡಿತು.

"ಇದನ್ನೂ ಮಾಡಿದೀರಾ?" ಎಂದರು. "ಕೊಳೆ ಮಾಡಿದ್ರಿ, ಗೀರು ಮಾಡಿದ್ರಿ, ಈಗ ಒಳಗಡೆ ಯಾವ್ದೋ ಇಂಗ್ಲಿಷ್ ಲೇಡಿ ಹೆಸ್ರು ಬೇರೆ. ನಿಮ್ ಕೈಯಲ್ಲಿ ಅಷ್ಟು ಕೆಲ್ಸ ಇದೆ ಬಸಲಿಂಗ ಅವ್ರೇ, ಗೆಲ್ಲೋಕೆ ಈ ಥರ ಎಲ್ಲಾ ಮಾಡ್ಬಾರ್ದು."

ಕೃಷ್ಣ ಏನೋ ಹೇಳಲು ಹೋದ. ಬೆಳಿಗ್ಗೆ ಎರಡಕ್ಕೂ ಡೌಟೇ ಇಲ್ಲ ಎಂದವನು ನೀನೇ ಅಲ್ಲವೇ ಎಂದು ನೀಲಪ್ಪ ಅವನನ್ನು ಕೂರಿಸಿದ.

ಮೇಡಂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವರು ಬಸಲಿಂಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಡಗಡೆಯದರಲ್ಲಿ ಏನು ಕೊರತೆ ಎಂದು ತಾಳ್ಮೆಯಿಂದ ವಿವರಿಸಿದರು. ತೊಂಬತ್ತು ಪರ್ಸೆಂಟ್ ಬಂದಿದೆ. ಆದರೆ ಮೇಲಿನ ಸ್ವರಗಳಲ್ಲಿ ಹಳೇ ಪೆಟ್ಟಿಗೆಯ ಜೀವ ಇಲ್ಲ. ಅದು ಅರವತ್ತು ವರ್ಷ ಆದಮೇಲೆ ತಾನಾಗಿ ಬರುವಂಥದ್ದು, ಯಾರೂ ಮಾಡಿ ತರಲಿಕ್ಕಾಗುವುದಿಲ್ಲ. ಬಳಗದವರಿಗೆ ಮಾಡಿಸುವ ಮಾತು ಸದ್ಯಕ್ಕೆ ಬೇಡ. ಈ ಪೆಟ್ಟಿಗೆ ಅವನಲ್ಲೇ ಇರಲಿ, ಬಿಚ್ಚಿ ನೋಡಿ ಎಲ್ಲಿ ತಪ್ಪಾಗಿದೆ ಎಂದು ಕಲಿಯಲಿ. ಬಸಲಿಂಗ ಹೂಂಗುಟ್ಟುತ್ತ ಕೇಳಿದ. ಅವರು ಅಷ್ಟು ನಂಬಿಕೆಯಿಂದ ಹೇಳುತ್ತಿದ್ದರೆ ಅವನಿಗೂ ಒಂದೆರಡು ಸಲ ಹೌದೇನೋ ಎನಿಸಿತು. ತಾನು ನೋಡಿದ ಹತ್ತಿಯ ಪಟ್ಟಿ, ಪೆನ್ಸಿಲ್ಲಿನ ಹೆಸರು, ಎಲ್ಲ ತಾನೇ ಯಾವಾಗಲೋ ಮಾಡಿ ಮರೆತದ್ದೇ?

ಹೊರಡಲು ಎದ್ದ ಮೇಡಂ ಬಾಗಿಲಲ್ಲಿ ನಿಂತು ಯೋಚಿಸಿದರು. ಇಷ್ಟು ಚೆನ್ನಾಗಿ ಮಾಡಿದ ತದ್ರೂಪು ನಾಳೆ ಯಾರದಾದರೂ ಕೈಗೆ ಹೋದರೆ ಒರಿಜಿನಲ್ ಎಂದುಕೊಂಡು ಮೋಸ ಹೋಗುತ್ತಾರೆ. ಆಮೇಲೆ ಕೆಟ್ಟ ಹೆಸರು ಬರುವುದು ಬಸಲಿಂಗನಿಗೇ. ಅದಕ್ಕೊಂದು ದಾರಿ ಅವರಿಗೆ ಹೊಳೆಯಿತು.

"ಇದರ ಮೇಲೆ ನಿಮ್ ಹೆಸ್ರು ಬರ್‍ದ್ಬಿಡಿ," ಎಂದರು. "ಅಳಿಸೋಕೆ ಆಗ್ದಿರೋ ಥರ. ಬೇರೆಯವ್ರ ಹೆಸ್ರು ಯಾಕೆ, ಮಾಡಿದ್ದು ನೀವು ತಾನೇ?"

ಬಸಲಿಂಗ ಬೇಡವೆಂದು ತಲೆಯಾ‌ಡಿಸಿದ. ಇವತ್ತು ಆಯುಧ ಮುಟ್ಟುವ ಹಾಗಿಲ್ಲ ಎಂದು ನೆಪ ಹೇಳಿ ಧಣಿಗಳ ಕಡೆ ಆಸೆಯಿಂದ ನೋಡಿದ. ಹೆಸರು ಬರೆಯುವುದು ಕೆಲಸವಲ್ಲ, ಶುಭಕಾರ್ಯ ಎಂದು ರಾಮಾಂಜಿನಪ್ಪನವರು ಬಾಳೆ ಎಲೆಯ ಮೇಲಿದ್ದ, ಲೋಹದ ಮೇಲೆ ಅಕ್ಷರ ಕೊರೆಯುವ ಕರೆಂಟು ಪೆನ್ನನ್ನು ತಾವೇ ಎತ್ತಿ, ಪ್ಲಗ್ ಹಾಕಿ, ಅವನ ಕೈಗೆ ಕೊಟ್ಟರು. ಮೇಡಂ ಕೈ ಕಟ್ಟಿಕೊಂಡು ನಿಂತರು. ಬರೆಯುವ ತನಕ ಅವರು ಹೊರಡುವವರಲ್ಲ. ಅಂಜನಮ್ಮ, ದಾಸಪ್ಪ, ಕೃಷ್ಣ, ನೀಲಪ್ಪ ಎಲ್ಲರೂ ಸುತ್ತ ಸೇರಿದರು. ಬಸಲಿಂಗ ಮಂಡಿಯೂರಿದ. ಡೋರಿಸಳ ಪೆಟ್ಟಿಗೆಯ ಹಿಂಬದಿಯ ತಗಡಿನ ಮೇಲೆ ಒಂದೊಂದೇ ಅಕ್ಷರ ಕೊರೆದ. ಬಸಲಿಂಗ, ಪೀಣ್ಯ.

ಎಲ್ಲರೂ ಚಪ್ಪಾಳೆ ತಟ್ಟಿದರು. ಬಸಲಿಂಗ ಮಾಡಿದ ಪೆಟ್ಟಿಗೆ ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡು ಕೂತು ಬ್ರೂಕ್‌ಫೀಲ್ಡಿಗೆ ಹೋಯಿತು. ರಾಮಾಂಜಿನಪ್ಪನವರು ಒಳಗೆ ಬಂದು, ಉಳಿದ ಪೆಟ್ಟಿಗೆಯ ಹೊಸ ಅಕ್ಷರಗಳ ಮೇಲೆ ಬೆರಳಾಡಿಸಿ, ಒಂದು ಬೊಟ್ಟು ಕುಂಕುಮ ಇಟ್ಟರು.

"ಬುಡು, ಇನ್ ಯಾವ್ದು ಯಾರ್ದು ಅಂತ ಗೊಂದ್ಲ ಇಲ್ಲ," ಎಂದರು.

ಪೀಣ್ಯಕ್ಕೆ ಬಂದ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಂದು ವಸ್ತುವಿನ ಮೇಲೆ ಬಸಲಿಂಗನ ಹೆಸರಿತ್ತು. ಅದೊಂದನ್ನು ಮಾತ್ರ ಅವನು ಮಾಡಿರಲಿಲ್ಲ.